ತೋಟದಲ್ಲಿ ಕಳೆದ ಅಮ್ಮನ ತಾಳಿ, ಮೆಟಲ್ ಡಿಟೆಕ್ಟರ್ ಹಿಡ್ಕೊಂಡು ಹನ್ನೊಂದು ದಿನ

ಅಮ್ಮನ ತಾಳಿ ಸರ ಸಿಕ್ಕಿ ಇವತ್ತಿಗೆ ಐದು ದಿನ ಆಯ್ತು. ಹುಡುಕ್ತಾ ಇದ್ದಾಗ ಕನ್ನಡದಲ್ಲಿ ಏನಾದ್ರೂ ಮಾಹಿತಿ ಸಿಗತ್ತಾ ಅಂತ ಮೂರು ರಾತ್ರಿ ಫೋನ್ ಹಿಡ್ಕೊಂಡು ಕೂತಿದ್ದೆ, ಸಿಕ್ಕಿದ್ದೆಲ್ಲಾ ನಿಧಿ ತೋರಿಸ್ತೀವಿ ಅನ್ನೋ ವಿಡಿಯೋಗಳೇ. ಹೊಲದಲ್ಲೋ ತೋಟದಲ್ಲೋ ಚಿನ್ನ ಕಳ್ಕೊಂಡೋರು ಯಾವ ಮೆಷಿನ್ ತರ್ಬೇಕು, ಸೌಂಡ್ ಬಂದ ಮೇಲೆ ಗುದ್ದಲಿ ಎಲ್ಲಿ ಇಡ್ಬೇಕು, ಎಲ್ಲಿ ಇಡಬಾರ್ದು ಅಂತ ಬಿಡಿಸಿ ಹೇಳಿದ್ದು ಒಂದೂ ಕಾಣ್ಲಿಲ್ಲ. ನನಗಾದ ಅನುಭವ ಇನ್ನೊಬ್ಬರ ನಾಲ್ಕು ದಿನ ಉಳಿಸಿದ್ರೆ ಸಾಕು ಅಂತ ನಡೆದಿದ್ದನ್ನ ನಡೆದ ಹಾಗೇ ಬರೀತಿದೀನಿ. ಉದ್ದ ಇದೆ, ಅವಸರದಲ್ಲಿರೋರು ಒಂಬತ್ತನೇ ದಿನದ್ದು ಮತ್ತು ಹತ್ತನೇ ದಿನದ್ದು ಮಾತ್ರ ಓದಿ.

ನಮ್ಮೂರು ಸಾಗರ ತಾಲೂಕಲ್ಲಿ ಒಂದು ಹಳ್ಳಿ, ಅಡಿಕೆ ತೋಟ. ಕೊಯ್ಲು ಮುಗಿದು ಮಾರ್ಚಲ್ಲಿ ತೋಟಕ್ಕೆ ಗೊಬ್ಬರ, ಸೊಪ್ಪು ಹಾಕೋ ಕೆಲಸ ನಡೀತಿತ್ತು. ಆಳುಗಳು ಸಿಗದೇ ಇದ್ದಿದ್ದಕ್ಕೆ ಅಮ್ಮನೂ ಬುಟ್ಟಿ ಹಿಡಿದಿದ್ರು. ಸಂಜೆ ಸ್ನಾನಕ್ಕೆ ಹೋದಾಗ ಕೊರಳು ಮುಟ್ಟಿ ನೋಡ್ಕೊಂಡ್ರೆ ಸರ ಇಲ್ಲ. ಕೊಂಡಿ ಸವೆದಿದೆ ಅಂತ ಆರು ತಿಂಗಳಿಂದ ಹೇಳ್ತಾನೇ ಇದ್ರು, ಈ ಸಲ ಊರಿಗೆ ಬಂದಾಗ ಮಾಡಿಸಿದ್ರಾಯ್ತು ಅಂತ ನಾನು ಮುಂದಕ್ಕೆ ಹಾಕ್ತಾನೇ ಬಂದಿದ್ದೆ. ಎರಡು ತಾಳಿ, ಗುಂಡು, ಕರಿಮಣಿ ಎಲ್ಲಾ ಸೇರಿ ಪೋಣಿಸಿದ್ದು, ಚಿನ್ನ ಮಾತ್ರ ತೂಕ ಮಾಡಿದ್ರೆ ಬಿಲ್ ಪ್ರಕಾರ 24.300 ಗ್ರಾಂ. ಈಗಿನ ರೇಟಲ್ಲಿ ಅದು ದೊಡ್ಡ ದುಡ್ಡೇ, ಆದ್ರೆ ಅಮ್ಮ ದುಡ್ಡಿನ ಮಾತು ಒಂದು ಸಲಾನೂ ಎತ್ತಲಿಲ್ಲ. ಅವತ್ತು ರಾತ್ರೀನೇ ಅಜ್ಜಿ ಒಂದು ಅರಿಶಿನ ಕೊಂಬನ್ನ ದಾರಕ್ಕೆ ಕಟ್ಟಿ ಅವರ ಕೊರಳಿಗೆ ಹಾಕಿದ್ರಂತೆ. ಮಾರನೇ ದಿನ ಬೆಂಗಳೂರಿಂದ ನಾನು ಬಂದು ನೋಡ್ತೀನಿ, ಅಮ್ಮ ಒಲೆ ಮುಂದೆ ಕೂತು ಆ ಕೊಂಬನ್ನ ಎರಡು ಬೆರಳಲ್ಲಿ ಹಿಡ್ಕೊಂಡೇ ಇದ್ರು, ಬೆರಳ ತುದಿ ಹಳದಿಯಾಗಿತ್ತು. ಊಟ ಸರಿಯಾಗಿ ಮಾಡ್ತಿರ್ಲಿಲ್ಲ. ಯುಗಾದಿಗೆ ಒಂಬತ್ತು ದಿನ ಇತ್ತು.

ಮೊದಲ ಎರಡು ದಿನ ಕೈಯಲ್ಲೇ ಹುಡುಕಿದ್ವಿ. ಇಲ್ಲಿ ನಾವು ಮಾಡಿದ ದೊಡ್ಡ ತಪ್ಪು ಏನಂದ್ರೆ, ಸಿಕ್ಕಸಿಕ್ಕ ಕಡೆ ಸೊಪ್ಪು ಕೆದಕಿ, ಗೊಬ್ಬರ ಸರಿಸಿ, ಹತ್ತು ಜನ ತೋಟ ತುಳಿದಿದ್ದು. ಮೇಲೇ ಬಿದ್ದಿದ್ದ ವಸ್ತು ಕಾಲಿಗೆ ಸಿಕ್ಕಿ ಕೆಳಗೆ ಹೋಗತ್ತೆ, ಕೆದಕಿದ ಮಣ್ಣಿನ ಜೊತೆ ಜಾಗಾನೂ ಬದಲಾಗತ್ತೆ. ನಿಮಗೆ ಹೀಗೆ ಆದ್ರೆ ದಯವಿಟ್ಟು ಮೊದಲು ಯಾರನ್ನೂ ಇಳಿಸ್ಬೇಡಿ. ಕಳ್ಕೊಂಡೋರನ್ನ ಸಮಾಧಾನ ಮಾಡಿ, ಅವತ್ತು ಬೆಳಿಗ್ಗೆಯಿಂದ ಎಲ್ಲಿ ಹೋದ್ರು, ಎಲ್ಲಿ ಬಗ್ಗಿದ್ರು, ಎಲ್ಲಿ ಬುಟ್ಟಿ ಇಳಿಸಿದ್ರು, ಎಲ್ಲಿ ಕೈ ತೊಳೆದ್ರು ಅಂತ ಅದೇ ದಾರೀಲಿ ಇನ್ನೊಂದು ಸಲ ನಡೆಸಿ, ಒಂದೊಂದು ಜಾಗಕ್ಕೂ ಕೋಲು ನೆಡಿ. ನಾವು ಇದನ್ನ ಮಾಡಿದ್ದು ನಾಲ್ಕನೇ ದಿನ. ಮಾಡಿದ ಮೇಲೆ ಎರಡು ಎಕರೆ ತೋಟ ಹೋಗಿ ಹನ್ನೆರಡು ಗುಂಟೆಗೆ ಇಳೀತು, ಅಂದ್ರೆ ಸುಮಾರು ನೂರೈವತ್ತು ಮರ.

ನಾಲ್ಕನೇ ದಿನಾನೇ ಪರಿಚಯದ ಸೆಕ್ಯುರಿಟಿ ಹುಡುಗ ಒಬ್ಬ ಮಾಲ್ ಬಾಗಿಲಲ್ಲಿ ಮೈ ಸವರ್ತಾರಲ್ಲ ಆ ಕೈ ಡಿಟೆಕ್ಟರ್ ತಂದುಕೊಟ್ಟ. ಪಾಪ ಅವನದು ಒಳ್ಳೇ ಮನಸ್ಸು, ಆದ್ರೆ ಅದು ಇರೋದು ಬಟ್ಟೆ ಒಳಗಿನ ಚಾಕುವೋ ಬೀಗದ ಕೈಯೋ ಹಿಡಿಯೋಕೆ, ಮಣ್ಣಿಗಲ್ಲ. ಒಂದೆರಡು ಇಂಚಿನ ಮೇಲೆ ಹೋಗಲ್ಲ, ನಮ್ಮ ಕೆಂಪು ಮಣ್ಣಿಗೆ ತಾಗಿಸಿದ ತಕ್ಷಣ ಸುಮ್ಮನೆ ಕೂಗ್ತಿತ್ತು. ಅಷ್ಟರಲ್ಲಿ ಆನ್‌ಲೈನಲ್ಲಿ 6,800 ರೂಪಾಯಿಗೆ ಒಂದು ಮೆಷಿನ್ ಆರ್ಡರ್ ಮಾಡಿದ್ದೆ, ಆರನೇ ದಿನ ಬಂತು. ಅದರಲ್ಲಿ ಗ್ರೌಂಡ್ ಬ್ಯಾಲೆನ್ಸ್, ಅಂದ್ರೆ ಮಣ್ಣಿನ ಸದ್ದನ್ನ ಲೆಕ್ಕದಿಂದ ತೆಗೆಯೋ ವ್ಯವಸ್ಥೆ, ಅನ್ನೋದೇ ಇಲ್ಲ. ನಮ್ಮ ಕಡೆ ಜಂಬಿಟ್ಟಿಗೆ ಮಣ್ಣು, ಅದರಲ್ಲಿ ಕಬ್ಬಿಣದ ಅಂಶ ತುಂಬಿರತ್ತೆ, ಅದಕ್ಕೇ ಆ ಕೆಂಪು ಬಣ್ಣ. ಅದೂ ಅಲ್ದೆ ಅಡಿಕೆ ತೋಟಕ್ಕೆ ನಾಲ್ಕೈದು ವರ್ಷಕ್ಕೊಂದ್ಸಲ ಧರೆ ಅಂದ್ರೆ ಪಕ್ಕದ ಮಣ್ಣಿನ ದಿಬ್ಬ ಕಡಿದು ಹೊಸ ಕೆಂಪು ಮಣ್ಣು ಹೊಡೆಸ್ತೀವಿ. ಮೆಷಿನ್‌ಗೆ ಇಡೀ ನೆಲವೇ ಲೋಹದ ಹಾಗೆ ಕಾಣತ್ತೆ. ತೋಟದ ಈ ತುದಿಯಿಂದ ಆ ತುದಿವರೆಗೂ ಒಂದೇ ಸಮ ಕೂಗಿದ ಮೇಲೆ ವಾಪಸ್ ಪ್ಯಾಕ್ ಮಾಡಿಟ್ಟೆ. ರಿಟರ್ನ್‌ಗೆ ಎರಡು ಸಲ ಫೋನು, ಫೋಟೋ, ಮತ್ತೆ ಕೊರಿಯರ್ ಖರ್ಚು 540 ನಮ್ಮ ಕೈಯಿಂದ. ಮಲೆನಾಡು, ಕರಾವಳಿ ಕಡೆಯೋರು ಗ್ರೌಂಡ್ ಬ್ಯಾಲೆನ್ಸ್ ಇಲ್ಲದ ಮೆಷಿನ್ ತಗೊಳ್ಳಲೇಬೇಡಿ, ಅಂಗಡಿಯವರು ಎಷ್ಟಡಿ ಆಳ ಅಂತ ಬೇಕಾದ್ರೂ ಹೇಳ್ಲಿ.

ಕೊನೆಗೆ ಬೆಂಗಳೂರಲ್ಲಿ ಬಾಡಿಗೆಗೆ ಕೊಡೋರೊಬ್ಬರು ಸಿಕ್ಕಿದ್ರು. ದಿನಕ್ಕೆ 1,800, ಡಿಪಾಸಿಟ್ 15,000, ಆಧಾರ್ ಕಾಪಿ, ಮತ್ತೆ ಯಾವ ಜಾಗ, ಯಾವ ಕೆಲಸ ಅಂತ ಕೈಬರಹದಲ್ಲಿ ಒಂದು ಪತ್ರ. ಹಳೇ ಗುಡಿ, ಕೋಟೆ, ಬೇರೆಯವರ ಜಮೀನು ಅಂದ್ರೆ ಕೊಡೋದೇ ಇಲ್ಲ ಅಂತ ಮೊದಲೇ ಖಡಕ್ಕಾಗಿ ಹೇಳಿದ್ರು, ಅದನ್ನ ಕೇಳಿ ನನಗೆ ಅವರ ಮೇಲೆ ನಂಬಿಕೆ ಬಂತು. ಭಾವ ಹೋಗಿ ದುಡ್ಡು ಕೊಟ್ಟು ರಾತ್ರಿ ಬಸ್ಸಿಗೆ ಹಾಕಿದ್ರು, ಎಂಟನೇ ದಿನ ಬೆಳಿಗ್ಗೆ ಸಾಗರ ಬಸ್ ಸ್ಟ್ಯಾಂಡಲ್ಲಿ ಇಳಿಸ್ಕೊಂಡೆ. ನೋಕ್ಟಾ ಸಿಂಪ್ಲೆಕ್ಸ್ ಅಂತ, ಟರ್ಕಿ ದೇಶದ್ದು, ಅಲೆಯ ಫ್ರೀಕ್ವೆನ್ಸಿ 12 ಕಿಲೋಹರ್ಟ್ಸ್, ತುದೀಲಿ ನೆಲದ ಮೇಲೆ ಆಡಿಸೋ 11 ಇಂಚಿನ ದುಂಡನೆ ತಟ್ಟೆ, ಅದಕ್ಕೆ ಡಬಲ್ ಡಿ ಕಾಯಿಲ್ ಅಂತಾರೆ. ಜೊತೆಗೆ ಗುಂಡಿಯೊಳಗೆ ಹಿಡಿದು ವಸ್ತು ಸರಿಯಾಗಿ ಎಲ್ಲಿದೆ ಅಂತ ಹುಡುಕೋ, ಕ್ಯಾರೆಟ್ ಆಕಾರದ ಒಂದು ಸಣ್ಣ ಪಿನ್‌ಪಾಯಿಂಟರ್, ಅದಕ್ಕೆ ಬೇರೆ ಬಾಡಿಗೆ ತಗೊಳ್ಳಲಿಲ್ಲ. ಅದೊಂದು ಇಲ್ದೇ ಇದ್ದಿದ್ರೆ ನಮಗೆ ಸಿಕ್ಕಿದ್ದರಲ್ಲಿ ಅರ್ಧಾನೂ ಸಿಗ್ತಿರ್ಲಿಲ್ಲ.

ಅವತ್ತು ಮಧ್ಯಾಹ್ನ ತೋಟಕ್ಕೆ ಇಳಿದು ಒಂದು ಗಂಟೆ ಆಗಿರ್ಲಿಲ್ಲ, ಬೇಲಿ ಆಚೆ ಜನ ನಿಂತ್ರು. ನಮ್ಮ ತೋಟದ ಮೇಲ್ಗಡೆ ಒಂದು ನಾಗಬನ ಇದೆ, ಅದರ ಪಕ್ಕ ಮುರಿದ ಕಲ್ಲಿನ ಪೀಠ. ನಮ್ಮ ಜಿಲ್ಲೇಲಿ ನಿಧಿ ಆಸೆಗೆ ರಾತ್ರಿ ಹೊತ್ತು ಗುಡಿ ಅಗೆಯೋರ ಕಥೆ ಎಲ್ರಿಗೂ ಗೊತ್ತು, ಹಾಗಾಗಿ ಯಾರೋ ಫೋನ್ ಮಾಡಿದ್ರು, ಪೊಲೀಸರು ಬಂದ್ರು. ಅವರ ಮೇಲೆ ನಂಗೆ ಬೇಜಾರಿಲ್ಲ, ಅನುಮಾನ ಬರೋದು ಸಹಜ. ಆದ್ರೆ ಅಪ್ಪ ಎಪ್ಪತ್ತರ ವಯಸ್ಸಲ್ಲಿ ತನ್ನ ತೋಟದಲ್ಲೇ ನಿಂತು ನಾನು ಕಳ್ಳ ಅಲ್ಲ ಅಂತ ಹೇಳ್ಬೇಕಾಯ್ತಲ್ಲ, ಅದು ನನಗೆ ಇವತ್ತಿಗೂ ಚುಚ್ಚತ್ತೆ. ಮೆಷಿನ್ ಸಮೇತ ಠಾಣೆಗೆ ಹೋಗಿ ಮೂರು ಗಂಟೆ ಕಾದ್ವಿ. ಪಹಣಿ, ಅಪ್ಪನ ಆಧಾರ್, ಸರದ ಬಿಲ್ಲು, ತಂಗಿ ಮದುವೇಲಿ ಅಮ್ಮ ಅದೇ ಸರ ಹಾಕ್ಕೊಂಡಿರೋ ಫೋಟೋ ಇಷ್ಟನ್ನೂ ಇಟ್ಟು ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಸೀಲ್ ಹಾಕಿ ಕಳಿಸಿದ್ರು. ಸಾಹೇಬ್ರು ಒಂದು ಮಾತು ಸ್ಪಷ್ಟವಾಗಿ ಹೇಳಿದ್ರು, ನಿಮ್ಮ ಸರ ಸಿಕ್ಕಿದ್ರೆ ಅದು ನಿಮ್ಮದೇ, ಆದ್ರೆ ಅಗೆಯೋವಾಗ ಹಳೇ ನಾಣ್ಯ, ಒಡವೆ, ವಿಗ್ರಹ ಏನಾದ್ರೂ ಬಂದ್ರೆ ಮನೇಲಿ ಇಟ್ಕೊಳ್ಳೋ ಹಾಗಿಲ್ಲ, ತಿಳಿಸ್ಬೇಕು. ಕರ್ನಾಟಕ ನಿಧಿ ನಿಕ್ಷೇಪ ಕಾಯ್ದೆ 1962ರದ್ದು ಇದೆ. ನೀವು ಮೆಷಿನ್ ತರೋಕೆ ಮುಂಚೇನೇ ಈ ಅರ್ಜಿ ಕೊಟ್ಬಿಡಿ, ಅಕ್ಕಪಕ್ಕದ ನಾಲ್ಕು ಮನೆಗೂ ಹೋಗಿ ಹೇಳ್ಬಿಡಿ. ನಾವು ಹೇಳಿದ ಮೇಲೆ ಅದೇ ಬೇಲಿ ಆಚೆ ನಿಂತಿದ್ದ ಹೆಂಗಸರು ಮಾರನೇ ದಿನ ಹುಡುಕೋಕೆ ಬಂದ್ರು.

ಒಂಬತ್ತನೇ ದಿನ. ಬೆಳಿಗ್ಗೆ ಮೆಷಿನ್ ಆನ್ ಮಾಡಿದ್ರೆ ಸೆಕೆಂಡಿಗೊಂದ್ಸಲ ಟಿಕ್ ಟಿಕ್ ಅಂತಿತ್ತು. ಕೆಟ್ಟಿದೆ ಅಂದ್ಕೊಂಡು ಬಾಡಿಗೆ ಕೊಟ್ಟೋರಿಗೆ ಫೋನ್ ಮಾಡಿದ್ರೆ, ಹತ್ತಿರ ಕರೆಂಟ್ ಬೇಲಿ ಇದೆಯಾ ಅಂತ ಕೇಳಿದ್ರು. ಹಂದಿ ಕಾಟಕ್ಕೆ ಹಾಕಿದ್ದ ಸೋಲಾರ್ ಬೇಲಿ! ಅದು ಸೆಕೆಂಡಿಗೊಂದು ಝಟ್ಕಾ ಬಿಡತ್ತೆ, ಮೆಷಿನ್ ಅದನ್ನೇ ಹಿಡೀತಿತ್ತು. ಆಫ್ ಮಾಡಿದ ಮೇಲೆ ಶಾಂತ ಆಯ್ತು. ಪಂಪ್‌ಸೆಟ್ ಲೈನ್ ಹತ್ರಾನೂ ಹೀಗೇ ಆಗತ್ತೆ, ಸೆನ್ಸಿಟಿವಿಟಿ ಇಳಿಸ್ಕೊಳ್ಬೇಕು. ಜೇಬಲ್ಲಿರೋ ಫೋನ್ ದೂರ ಇಡಿ.

ಆಮೇಲೆ ಗ್ರೌಂಡ್ ಬ್ಯಾಲೆನ್ಸ್. ಸೌಂಡ್ ಬರದ ಖಾಲಿ ಜಾಗ ನೋಡ್ಕೊಂಡು, ಬಟನ್ ಒತ್ತಿ ಹಿಡಿದು, ಕಾಯಿಲನ್ನ ನೆಲದಿಂದ ಅರ್ಧ ಅಡಿ ಮೇಲಕ್ಕೂ ಮತ್ತೆ ನೆಲದ ಹತ್ತಿರಕ್ಕೂ ಮೆಲ್ಲಗೆ ಏಳೆಂಟು ಸಲ ಏರಿಸಿ ಇಳಿಸಿದ್ರೆ ಮೆಷಿನ್ ಆ ಮಣ್ಣಿನ ಸದ್ದನ್ನ ಲೆಕ್ಕದಿಂದ ತೆಗೀತದೆ. ತೋಟದಲ್ಲಿ ಕೆಂಪು ಮಣ್ಣು ಹೊಡೆದ ಸಾಲು ಬೇರೆ, ಗೊಬ್ಬರದ ಕಪ್ಪು ಮಣ್ಣಿನ ಸಾಲು ಬೇರೆ, ಒಂದರಿಂದ ಇನ್ನೊಂದಕ್ಕೆ ಹೋದಾಗೆಲ್ಲ ಮತ್ತೆ ಮಾಡ್ಬೇಕು. ಇದನ್ನ ಗೊತ್ತಿಲ್ಲದೆ ಅರ್ಧ ದಿನ ಕಳೆದೆ.

ತಂಗಿಯ ತಾಳಿ ಅಮ್ಮನದರ ಹಾಗೇ ಇರೋದು, ಬಟ್ಟಲಿನ ಥರ. ಅದನ್ನ ತರಿಸಿ ಮಣ್ಣಿನ ಮೇಲಿಟ್ಟು ಟೆಸ್ಟ್ ಮಾಡಿದ್ವಿ, ಯಾವ ಥರದ ಲೋಹ ಅನ್ನೋ ಗುರುತಿಗೆ ಮೆಷಿನ್ ಪರದೆ ಮೇಲೆ ತೋರಿಸೋ ನಂಬರ್ 28ರಿಂದ 31ರ ಒಳಗೆ ಬಂತು. ಪ್ಲಾಸ್ಟಿಕ್ ಕವರಲ್ಲಿ ಹಾಕಿ ದಾರ ಕಟ್ಟಿ ಹೂತು ನೋಡಿದ್ರೆ ಕೆಂಪು ಮಣ್ಣಲ್ಲಿ ನಾಲ್ಕಿಂಚಿಗೆ ಚೆನ್ನಾಗಿ ಕೇಳಿಸ್ತಿತ್ತು, ಆರಿಂಚಿಗೆ ಇದೆಯೋ ಇಲ್ವೋ ಅನ್ನೋ ಹಾಗೆ. ಸರದ ಭಾಗ ಮಾತ್ರ ಇಟ್ಟಾಗ ನಾವು ಬೆಚ್ಚಿಬಿದ್ವಿ, ಎರಡಿಂಚಿನ ಆಳಕ್ಕೆ ಹೋದ್ರೆ ಸದ್ದೇ ಇಲ್ಲ. ಆಮೇಲೆ ತಿಳೀತು, ಮೆಷಿನ್ ಕಳಿಸೋ ಅಲೆಗೆ ಲೋಹದೊಳಗೆ ಸಣ್ಣ ಸಣ್ಣ ಕರೆಂಟ್ ಸುತ್ತಾಡತ್ತೆ, ಆ ಸುತ್ತಾಟಾನೇ ನಮಗೆ ಸೌಂಡಾಗಿ ಕೇಳೋದು. ಬಟ್ಟಲಂಥ ಅಗಲ ತಗಡಲ್ಲಿ ಕರೆಂಟಿಗೆ ಸುತ್ತೋಕೆ ಜಾಗ ಇರತ್ತೆ. ಸರದಲ್ಲಿ ಹಾಗಲ್ಲ, ಒಂದೊಂದು ಕೊಂಡಿನೂ ಬೇರೆ ಬೇರೆ ಸಣ್ಣ ಚೂರು ಅಂತಲೇ ಮೆಷಿನ್ ನೋಡೋದು, ಇಡೀ ಸರದ ತೂಕ ಅದಕ್ಕೆ ಕಾಣಲ್ಲ. ಹಾಗಾಗಿ ನಾವು ಹುಡುಕ್ಬೇಕಾಗಿದ್ದು ಸರ ಅಲ್ಲ, ತಾಳಿ ಬಟ್ಟಲು. ಉಂಗುರ ಕಳ್ಕೊಂಡೋರಿಗೆ ಇದು ಸುಲಭ, ಸಣ್ಣ ಚೈನ್ ಕಳ್ಕೊಂಡೋರು ಕಾಯಿಲನ್ನ ನೆಲಕ್ಕೆ ತಾಗೋ ಹಾಗೆ ತುಂಬಾ ನಿಧಾನ ಆಡಿಸ್ಬೇಕು.

ಮಧ್ಯಾಹ್ನದ ಮೇಲೆ ಸೌಂಡ್ ಬಂದ ಕಡೆಯೆಲ್ಲಾ ಅಗೆದ್ವಿ. ಮಾತ್ರೆ ಬರೋ ತಗಡಿನ ಚೀಟಿ, ಬಾಟ್ಲಿ ಮುಚ್ಚಳ, ಟಾರ್ಚ್ ಸೆಲ್ಲಿನ ತಗಡು, ಕತ್ತಿ ತುದಿ, ಬೇಲಿ ಮೊಳೆ. ಮಾತ್ರೆ ಚೀಟಿ ಅಂತೂ 26ರಿಂದ 33, ಸರಿಯಾಗಿ ತಾಳಿಯ ನಂಬರೇ. ಆ ನಂಬರ್ ಬಿಟ್ಟು ಮುಂದೆ ಹೋಗೋ ಹಾಗಿಲ್ಲ, ಪ್ರತಿಯೊಂದನ್ನೂ ಅಗೀಬೇಕು, ಪ್ರತಿ ಸಲ ಎದೆ ಡವಗುಟ್ಟತ್ತೆ. ಒಟ್ಟು ನಲವತ್ತು ಗುಂಡಿ ಆಗಿರ್ಬೇಕು. ತೊಂದರೆ ಏನಂದ್ರೆ, ಸೌಂಡ್ ಬಂದ ಜಾಗದಲ್ಲೇ ಅಗೆದ್ರೂ ವಸ್ತು ಅಲ್ಲಿರ್ತಿರ್ಲಿಲ್ಲ. ಒಂದು ಗೇಣು ಆಚೆ, ಒಂದು ಗೇಣು ಈಚೆ. ಗುಂಡಿ ದೊಡ್ಡದಾಗ್ತಾ ಹೋಯ್ತು. ಅಡಿಕೆ ಬೇರು ಮೇಲ್ಮಣ್ಣಲ್ಲೇ ಹರಡಿರತ್ತೆ, ಗುದ್ದಲಿ ಹಾಕಿದಾಗೆಲ್ಲಾ ಬಿಳಿ ಬೇರು ತುಂಡಾಗಿ ಬರ್ತಿತ್ತು. ಅಪ್ಪ ಏನೂ ಮಾತಾಡ್ದೇ ಆ ಬೇರನ್ನ ಆಯ್ದು ಪಕ್ಕಕ್ಕಿಟ್ಟು ಮತ್ತೆ ಮಣ್ಣು ಮುಚ್ಚುತಾ ಬಂದ್ರು. ಸಂಜೆ ಒಂದು ಜೋರು ಸೌಂಡಿಗೆ ನಾನು ಬಲವಾಗಿ ಗುದ್ದಲಿ ಹಾಕಿದೆ, ಠಣ್ ಅಂತು. ಹೊರಗೆ ಬಂದಿದ್ದು ಹಸುವಿನ ಕೊರಳ ಗಂಟೆ, ಹಿತ್ತಾಳೇದು, ನನ್ನ ಗುದ್ದಲಿಯ ಅಲಗು ಅದರ ಭುಜದ ಮೇಲೆ ಅರ್ಧ ಇಂಚು ಕಚ್ಚಿಬಿಟ್ಟಿತ್ತು. ಅಮ್ಮ ಸೆರಗಲ್ಲಿ ಒರೆಸಿ ನೋಡಿದ ತಕ್ಷಣ ಗುರುತು ಹಿಡಿದ್ರು, ಅವರು ಮದುವೆಯಾಗಿ ಬಂದಾಗ ಕೊಟ್ಟಿಗೇಲಿದ್ದ ಗೌರಿಯದು. ಆ ಗಾಯ ನೋಡ್ತಾ ನನಗೆ ಕೈ ನಡುಗ್ತು. ಗಂಟೆ ಬದಲು ತಾಳಿ ಇದ್ದಿದ್ರೆ? ಅವತ್ತಿಗೆ ಗುದ್ದಲಿ ಕೆಳಗಿಟ್ಟೆ.

ರಾತ್ರಿ ಬಾಡಿಗೆ ಕೊಟ್ಟೋರಿಗೆ ವಿಡಿಯೋ ಕಾಲ್ ಮಾಡಿ ಹೇಗೆ ಹುಡುಕ್ತಿದೀನಿ ಅಂತ ಅಂಗಳದಲ್ಲೇ ಮಾಡಿ ತೋರಿಸ್ದೆ. ಮುಕ್ಕಾಲು ಗಂಟೆ ತಾಳ್ಮೆಯಿಂದ ಹೇಳಿಕೊಟ್ರು, ಇದಕ್ಕೂ ದುಡ್ಡು ಕೇಳ್ಲಿಲ್ಲ.

ಮೊದಲನೇ ತಪ್ಪು, ಕಾಯಿಲ್ ದುಂಡಗಿದೆ ಅಂತ ಮಧ್ಯದಲ್ಲೇ ವಸ್ತು ಇರತ್ತೆ ಅಂದ್ಕೊಂಡಿದ್ದು. ಡಬಲ್ ಡಿ ಕಾಯಿಲಲ್ಲಿ ಡಿ ಆಕಾರದ ಎರಡು ಸುರುಳಿ ಬೆನ್ನಿಗೆ ಬೆನ್ನು ಹಚ್ಚಿ ಒಂದರ ಮೇಲೊಂದು ಸ್ವಲ್ಪ ಹತ್ತಿರತ್ತೆ. ಆ ಹತ್ತಿದ ಜಾಗ ಕಾಯಿಲಿನ ಮುಂದಿನ ತುದಿಯಿಂದ ಹಿಂದಿನ ತುದಿವರೆಗೂ ಒಂದು ಪಟ್ಟಿ, ಹೊಲ ಉಳೋ ಗೆರೆ ಥರ. ವಸ್ತು ಆ ಪಟ್ಟಿ ಕೆಳಗೆ ಬಂದಾಗ ಸದ್ದು ಜೋರು. ಹಾಗಾಗಿ ಎಡಕ್ಕೂ ಬಲಕ್ಕೂ ಆಡಿಸಿದಾಗ ಎಡಬಲ ಸರಿಯಾಗಿ ತಿಳಿಯತ್ತೆ, ಆದ್ರೆ ಮುಂದಿದೆಯೋ ಹಿಂದಿದೆಯೋ ತಿಳಿಯಲ್ಲ, ಹನ್ನೊಂದು ಇಂಚಲ್ಲಿ ಎಲ್ಲಿ ಬೇಕಾದ್ರೂ ಇರಬಹುದು. ನಾನು ಇಡೀ ದಿನ ಒಂದೇ ದಿಕ್ಕಲ್ಲಿ ನಿಂತು ಆಡಿಸಿದ್ದೆ. ಗಂಟೆ ನಾನಂದ್ಕೊಂಡ ಜಾಗಕ್ಕಿಂತ ಮುಂದಿತ್ತು, ಯಾಕೆ ಅಂತ ಆಗ ಅರ್ಥ ಆಯ್ತು. ಒಂದ್ಸಲ ಆಡಿಸಿ ಜೋರು ಬಂದ ಗೆರೆಯನ್ನ ನೆಲದ ಮೇಲೆ ಕಡ್ಡಿಯಲ್ಲಿ ಎಳೀಬೇಕು, ಆಮೇಲೆ ನಾವೇ ಕಾಲು ಭಾಗ ಸುತ್ತು ತಿರುಗಿ, ಅಡ್ಡಡ್ಡ ನಿಂತು ಮತ್ತೆ ಆಡಿಸಿ ಇನ್ನೊಂದು ಗೆರೆ ಎಳೀಬೇಕು. ಎರಡು ಗೆರೆ ಕೂಡೋ ಕಡೆ ವಸ್ತು.

ಎರಡನೇದು ಪಿನ್‌ಪಾಯಿಂಟ್ ಬಟನ್. ಮಾಮೂಲಿ ಮೋಡಲ್ಲಿ ಕಾಯಿಲ್ ಅಲ್ಲಾಡ್ತಾ ಇದ್ರೆ ಮಾತ್ರ ಸದ್ದು, ಬಟನ್ ಒತ್ತಿದ್ರೆ ನಿಂತಲ್ಲೇ ಸದ್ದು ಬರತ್ತೆ, ಹತ್ತಿರ ಹೋದಷ್ಟೂ ಜೋರಾಗತ್ತೆ. ನಾನು ವಸ್ತುವಿನ ಮೇಲೇ ಇಟ್ಟು ಒತ್ತುತ್ತಿದ್ದೆ, ಆಗ ಮೆಷಿನ್ ಆ ವಸ್ತುವನ್ನೇ ಸೊನ್ನೆ ಅಂತ ಲೆಕ್ಕ ಹಿಡ್ಕೊಳ್ಳತ್ತೆ, ಸದ್ದು ಸತ್ತುಹೋಗತ್ತೆ. ಸ್ವಲ್ಪ ಪಕ್ಕಕ್ಕೆ, ಖಾಲಿ ನೆಲದ ಮೇಲೆ, ಅದೇ ಎತ್ತರದಲ್ಲಿ ಹಿಡಿದು ಒತ್ತಿ, ಒತ್ತಿಕೊಂಡೇ ವಸ್ತುವಿನ ಕಡೆ ತರ್ಬೇಕು. ಸದ್ದು ತುಂಬಾ ಅಗಲಕ್ಕೆ ಬರ್ತಿದ್ರೆ ಇನ್ನೊಂದು ಉಪಾಯ ಇದೆ, ಸದ್ದಿನ ಅಂಚಿಗೆ ಬಂದು ಬಟನ್ ಬಿಟ್ಟು ಮತ್ತೆ ಒತ್ತಿ, ಆಗ ಅಂಚಿನ ಸದ್ದೆಲ್ಲಾ ಅಳಿಸಿ ನಡುವಿನ ಚುಕ್ಕೆ ಮಾತ್ರ ಉಳಿಯತ್ತೆ. ಕೊನೆಗೆ ಕಾಯಿಲನ್ನ ಮೆಲ್ಲಗೆ ನಮ್ಮ ಕಡೆ ಎಳ್ಕೊಳ್ತಾ ಬಂದು ಸದ್ದು ನಿಲ್ಲೋ ಕ್ಷಣದಲ್ಲಿ ನಿಲ್ಲಿಸಿದ್ರೆ, ವಸ್ತು ಕಾಯಿಲಿನ ಮೂತಿಯ ಮುಂದೆಯೇ ಇರತ್ತೆ. ನನಗೆ ಅತಿ ಹೆಚ್ಚು ನಿಖರವಾಗಿ ಕೂತಿದ್ದು ಇದೇ. ಪರದೆ ಮೇಲೆ ತೋರಿಸೋ ಆಳವನ್ನ ಮಾತ್ರ ಪೂರ್ತಿ ನಂಬ್ಬೇಡಿ, ಅದು ನಾಣ್ಯದ ಗಾತ್ರದ ಲೆಕ್ಕ, ಸಣ್ಣದಾದ್ರೆ ಇರೋದಕ್ಕಿಂತ ಆಳ ತೋರಿಸತ್ತೆ, ದೊಡ್ಡದಾದ್ರೆ ಮೇಲೇ ಇದೆ ಅನ್ನತ್ತೆ.

ಇನ್ನೊಂದು, ನಾನು ಗುದ್ದಲಿಯನ್ನ ಕಾಲ ಬುಡದಲ್ಲೇ ಮಲಗಿಸ್ತಿದ್ದೆ. ಅವರು ಆಗ ಒಂದು ಹಳೇ ಕಥೆ ಹೇಳಿದ್ರು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ಗೆ ಗುಂಡು ಬಿದ್ದಾಗ, ಟೆಲಿಫೋನಿನ ಗ್ರಹಾಂ ಬೆಲ್ ಇದೇ ತತ್ವದ ಮೆಷಿನ್ ಕಟ್ಟಿಕೊಂಡು ಹೋಗಿ ಮೈಯೊಳಗಿನ ಗುಂಡು ಹುಡುಕಿದ್ರಂತೆ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗಿನ ಸದ್ದು ಸೇರ್ಕೊಂಡಿತ್ತು, ಡಾಕ್ಟರು ಬಲಭಾಗದಲ್ಲಿ ಮಾತ್ರ ನೋಡೋಕೆ ಬಿಟ್ರು, ಗುಂಡಿದ್ದಿದ್ದು ಎಡಗಡೆ. ಅಧ್ಯಕ್ಷ ಸೆಪ್ಟೆಂಬರಲ್ಲಿ ತೀರ್ಕೊಂಡ್ರು. ಅದನ್ನ ಕೇಳಿದ ಮೇಲೆ ನಾನು ಗುದ್ದಲಿ, ಕತ್ತಿ, ಕಬ್ಬಿಣದ ಬುಟ್ಟಿ ಎಲ್ಲಾ ಎರಡು ಮಾರು ದೂರ ಇಡಿಸ್ದೆ, ಕೈಯ ಕಡಗ, ವಾಚ್ ಬಿಚ್ಚಿಟ್ಟೆ.

ಹತ್ತನೇ ದಿನ ಯುಗಾದಿ. ಅಮ್ಮ ಆ ಅರಿಶಿನ ಕೊಂಬಿನಲ್ಲೇ ಪೂಜೆ ಮಾಡಿ ಬೇವುಬೆಲ್ಲ ಕೊಟ್ರು. ಹಬ್ಬದ ದಿನ ಅಗೆಯೋದು ಬೇಡ ಅಂತ ಅಪ್ಪ ಹೇಳಿದ್ದಕ್ಕೆ, ಇಡೀ ಮಧ್ಯಾಹ್ನ ಅಂಗಳದಲ್ಲಿ ಅಭ್ಯಾಸ ಮಾಡ್ದೆ. ತಂಗಿ ನನಗೆ ಕಾಣದ ಹಾಗೆ ಒಂದು ರೂಪಾಯಿ ನಾಣ್ಯ ಹೂಳೋದು, ನಾನು ಗೆರೆ ಎಳೆದು ಒಂದು ತೆಂಗಿನ ಕಡ್ಡಿ ನೆಡೋದು, ಆಮೇಲೆ ಅಗೆದು ಎಷ್ಟು ದೂರ ಇತ್ತು ಅಂತ ಅಳೆಯೋದು. ಮೊದಲ ಐದಾರು ಸಲ ಮೂರು ನಾಲ್ಕು ಇಂಚು ತಪ್ಪು. ಇಪ್ಪತ್ತು ಸಲ ಆಗೋ ಹೊತ್ತಿಗೆ ಒಂದಿಂಚಿನ ಒಳಗೆ ಬಂತು. ಬಾಡಿಗೆ ಓಡ್ತಿದೆ ಅಂತ ಮನಸ್ಸು ಕುಟುಕ್ತಿತ್ತು, ಆದ್ರೆ ಆ 1,800 ರೂಪಾಯಿ ದಿನಾನೇ ನಮ್ಮ ಕೆಲಸ ಮಾಡಿದ್ದು. ಸಂಜೆ ಪಶ್ಚಿಮಕ್ಕೆ ಮೋಡ ಕಟ್ಟಿತು, ಅಡ್ಡಮಳೆ ಹೊಡೆದ್ರೆ ಎಲ್ಲಾ ಕೊಚ್ಕೊಂಡು ಹೋಗತ್ತೆ ಅಂತ ಯಾರಿಗೂ ನಿದ್ದೆ ಇಲ್ಲ. ಗುಡುಗಿ ಹಾಗೇ ಹೋಯ್ತು.

ಹನ್ನೊಂದನೇ ದಿನ ಬೆಳಿಗ್ಗೆ ಆರಕ್ಕೇ ಇಳಿದ್ವಿ. ಅಡಿಕೆ ಮರ ಒಂಬತ್ತು ಅಡಿಗೊಂದು ಇರೋದ್ರಿಂದ ಹಗ್ಗ ಕಟ್ಟೋ ಕೆಲಸ ಅರ್ಧ ತಪ್ಪಿತು, ನಾಲ್ಕು ಮರದ ನಡುವಿನ ಚೌಕ ಒಂದೊಂದನ್ನೇ ಮುಗಿಸ್ತಾ, ಮುಗಿದ ಚೌಕದ ಮರಕ್ಕೆ ಸುಣ್ಣದ ಬೊಟ್ಟು ಇಡ್ತಾ ಹೋದ್ವಿ. ಮರದ ಬುಡದಲ್ಲಿ ಮಣ್ಣು ದಿಬ್ಬ ಇರತ್ತೆ, ಅಲ್ಲಿ ಕಾಯಿಲನ್ನ ಇಳಿಜಾರಿಗೆ ತಕ್ಕ ಹಾಗೆ ಓರೆ ಮಾಡಿ ನೆಲಕ್ಕೆ ಸಮನಾಗಿ ಹಿಡೀಬೇಕು, ಇಲ್ಲಾಂದ್ರೆ ಗುರುತು ಒಂದು ಪಕ್ಕಕ್ಕೆ ಜಾರತ್ತೆ. ಗುದ್ದಲಿ ಪೂರ್ತಿ ಬಿಟ್ವಿ. ಗುರುತಿನ ಸುತ್ತ ಅಂಗೈ ಅಗಲದ ಮಣ್ಣನ್ನ ಕರಣೆಯಲ್ಲಿ ಬಿಡಿಸಿ ಪ್ಲಾಸ್ಟಿಕ್ ಬೋಗುಣಿಗೆ ಹಾಕೋದು, ಪಿನ್‌ಪಾಯಿಂಟರನ್ನ ಗುಂಡಿಯೊಳಗೂ ಬೋಗುಣಿಯೊಳಗೂ ಆಡಿಸೋದು. ಗುಂಡೀಲಿ ಸದ್ದಿಲ್ಲ ಅಂದ್ರೆ ವಸ್ತು ಬೋಗುಣೀಲಿ ಬಂದಾಯ್ತು ಅಂತ. ಹನ್ನೊಂದು ಗಂಟೆಗೆ ಇಪ್ಪತ್ತಾರು ಗುರುತು ಮುಗಿದಿತ್ತು, ಒಂದು ಬೇರೂ ತುಂಡಾಗಿರ್ಲಿಲ್ಲ. ಅಪ್ಪನ ಮುಖದಲ್ಲಿ ಅದು ಕಾಣ್ತಿತ್ತು.

ಹನ್ನೊಂದೂವರೆ ಇರ್ಬೇಕು, ಕಾದಿಗೆ ಅಂದ್ರೆ ತೋಟದ ನೀರು ಹರಿಯೋ ಕಾಲುವೆ, ಅದರ ಅಂಚಲ್ಲಿ, ಅಮ್ಮ ಕೈ ತೊಳೆದೆ ಅಂತ ಕೋಲು ನೆಟ್ಟಿದ್ದ ಜಾಗದಿಂದ ನಾಲ್ಕಡಿ ದೂರ, ಒಂದು ಸಣ್ಣ ಸದ್ದು. ಒಂದು ದಿಕ್ಕಲ್ಲಿ ಆಡಿಸಿದ್ರೆ 27, 30, 29. ತಿರುಗಿ ಅಡ್ಡ ಆಡಿಸಿದ್ರೆ ಒಂದೇ ವಸ್ತುವಿಗೆ ಎರಡೆರಡು ಸದ್ದು, ಟಿಟ್ ಟಿಟ್ ಅಂತ, ನಡುವೆ ಖಾಲಿ. ಒಂಬತ್ತನೇ ದಿನ ಆಗಿದ್ರೆ ಇಂಥದ್ದನ್ನ ಕಸ ಅಂತ ಬಿಟ್ಟು ಹೋಗ್ತಿದ್ದೆ. ನಾಣ್ಯವೋ ಬಿಲ್ಲೆಯೋ ಮಲಗದೇ ಅಂಚಿನ ಮೇಲೆ ನಿಂತಿದ್ರೆ ಹೀಗೆ ಎರಡು ಸದ್ದು ಬರತ್ತೆ, ಆಗ ವಸ್ತು ಇರೋದು ಎರಡರ ನಡುವಿನ ಖಾಲೀಲಿ ಅಂತ ಬಾಡಿಗೆ ಕೊಟ್ಟೋರು ಹೇಳಿದ್ದು ನೆನಪಿತ್ತು. ನಡುವೆ ಕಡ್ಡಿ ನೆಟ್ಟೆ. ಮೇಲಿನ ಸೊಪ್ಪು ತೆಗೆದು, ಎರಡು ಬೆರಳಲ್ಲಿ ಮಣ್ಣು ಕೆರೀತಾ ಹೋದೆ, ಮೂರಿಂಚು, ನಾಲ್ಕಿಂಚು. ಪಿನ್‌ಪಾಯಿಂಟರ್ ಕೈಯಲ್ಲೇ ನಡುಗೋಕೆ ಶುರು ಮಾಡ್ತು. ಮಣ್ಣಿನ ಗೋಡೇಲಿ ಒಂದು ಉಗುರಿನಷ್ಟು ಹೊಳಪು, ಕೆಸರು ಮೆತ್ತಿದ ಬಟ್ಟಲಿನ ಅಂಚು, ಅದರ ಕಣ್ಣಿಗೆ ಒಂದೇ ಒಂದು ಕರಿಮಣಿ ಇನ್ನೂ ಅಂಟ್ಕೊಂಡಿತ್ತು.

ಕೂಗೋಕೂ ಆಗ್ಲಿಲ್ಲ ನಂಗೆ. ಅಪ್ಪ ನೋಡಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ್ಬಿಟ್ರು. ಅಮ್ಮನ್ನ ಕರೆಯೋಕೆ ತಂಗಿ ಓಡಿದ್ಲು, ಅಮ್ಮ ಬಂದು ಅದನ್ನ ಕೈಗೆ ತಗೊಳ್ಳೋ ಮುಂಚೆ ಕಾದಿಗೆ ನೀರಲ್ಲಿ ತಮ್ಮ ಎರಡೂ ಕೈ ತೊಳ್ಕೊಂಡ್ರು.

ಒಂದು ಸಿಕ್ಕಿತು ಅಂತ ಅಲ್ಲಿಗೆ ಬಿಡ್ಬೇಡಿ, ಅದೇ ಗುಂಡೀನ, ಸುತ್ತ ಮೂರಡೀನ ಮತ್ತೆ ಮತ್ತೆ ನೋಡಿ. ಸರ ಕಡಿದು ಎರಡಾಗಿತ್ತು. ಒಂದು ತುಂಡು ಅದೇ ಗುಂಡಿಯ ಗೋಡೆಯೊಳಗಿತ್ತು, ದೊಡ್ಡ ಮೆಷಿನ್‌ಗೆ ಕೇಳಿಸ್ಲೇ ಇಲ್ಲ, ಪಿನ್‌ಪಾಯಿಂಟರ್ ತುದಿ ಹತ್ತಿರ ಹೋದಾಗ ಮಾತ್ರ ಗೊತ್ತಾಯ್ತು. ಇನ್ನೊಂದು ತಾಳಿ ಒಂದೂವರೆ ಅಡಿ ಆಚೆ, ಬರೀ ಎರಡಿಂಚು ಕೆಳಗೆ ಮಲಗಿತ್ತು, ಅದರ ಸದ್ದು ಎಷ್ಟು ಸ್ವಚ್ಛ ಅಂದ್ರೆ ಎರಡು ಗೆರೆ ಕೂಡಿದ ಜಾಗಕ್ಕೆ ಕರಣೆ ಇಟ್ಟ ತಕ್ಷಣ ಬಂತು. ಸರದ ಎರಡನೇ ತುಂಡು ಅದರ ಕೆಳಗೇ ಇತ್ತು. ಹತ್ತಿರದ ಮಣ್ಣನ್ನೆಲ್ಲಾ ಅಕ್ಕಿ ಜರಡಿಯಲ್ಲಿ ನೀರು ಹಾಕಿ ಸೋಸಿದಾಗ ಗುಂಡುಗಳು ಒಂದೊಂದಾಗಿ ಬಂದ್ವು. ಸಂಜೆ ಐದಕ್ಕೆ ನಿಲ್ಲಿಸಿದ್ವಿ, ಎಲ್ಲಾ ಗುಂಡೀನೂ ಮುಚ್ಚಿ, ಸೊಪ್ಪು ಹೊದಿಸಿ, ಸೋಲಾರ್ ಬೇಲಿ ಆನ್ ಮಾಡಿ ಬಂದ್ವಿ.

ಖರ್ಚು ಕೇಳೋರಿಗೆ, ಬಾಡಿಗೆ ನಾಲ್ಕು ದಿನಕ್ಕೆ 7,200, ಬಸ್ ಪಾರ್ಸೆಲ್ ಹೋಗಿ ಬಂದು 700, ಆ ಆನ್‌ಲೈನ್ ಮೆಷಿನಿನ ಕೊರಿಯರ್ 540, ಮೊದಲ ಎರಡು ದಿನ ಕರೆದಿದ್ದ ಇಬ್ಬರು ಆಳಿಗೆ 2,400. ಒಟ್ಟು 10,840. ಡಿಪಾಸಿಟ್ ಮೆಷಿನ್ ತಲುಪಿದ ದಿನಾನೇ ವಾಪಸ್ ಬಂತು, ವಾಪಸ್ ಕಳಿಸೋವಾಗ ಕಾಯಿಲ್, ಕಡ್ಡಿ, ಪರದೆ ಎಲ್ಲದರ ಫೋಟೋ ತೆಗೆದಿಟ್ಕೊಂಡಿದ್ದೆ. ಆನ್‌ಲೈನ್ ಮೆಷಿನಿನ ದುಡ್ಡು ಇನ್ನೂ ಬಂದಿಲ್ಲ. ಠಾಣೆಗೂ ಹೋಗಿ ಸಿಕ್ಕಿತು ಅಂತ ಬರೆದುಕೊಟ್ಟು ಬಂದೆ, ಹಸುವಿನ ಗಂಟೆ ಸಿಕ್ಕಿದ್ದನ್ನೂ ಹೇಳಿದೆ, ಅವರು ಫೋಟೋ ನೋಡಿ ಮನೇದೇ ವಸ್ತು, ಇಟ್ಕೊಳ್ಳಿ ಅಂದ್ರು.

ಆಚಾರ್ರು ಕರಿಮಣಿ ಬಿಡಿಸಿ ತೂಗಿದಾಗ 22.900 ಬಂತು. ನಾಲ್ಕು ಗುಂಡು ಮತ್ತೆ ಆ ಸವೆದ ಕೊಂಡಿ ಇನ್ನೂ ಮಣ್ಣಲ್ಲೇ ಇದೆ. ಹೊಸ ಕೊಂಡಿ ಹಾಕಿ ಶುಕ್ರವಾರ ಪೋಣಿಸಿ ಕೊಡ್ತೀನಿ ಅಂದಿದ್ದಾರೆ, ಅಲ್ಲಿವರೆಗೂ ಅಮ್ಮನ ಕೊರಳಲ್ಲಿ ಅರಿಶಿನ ಕೊಂಬೇ. ಕಾದಿಗೆ ಅಂಚಿನ ಆ ಎರಡು ಮರಕ್ಕೆ ಅಪ್ಪ ಬಿಳಿ ಬಟ್ಟೆ ಕಟ್ಟಿದ್ದಾರೆ, ಮುಂದಿನ ವರ್ಷ ಅಲ್ಲಿ ಮಣ್ಣು ಹೊಡೆಯೋ ಮುಂಚೆ ಇನ್ನೊಂದು ಸಲ ಮೆಷಿನ್ ತರಿಸ್ತೀವಿ.